ನಮ್ಮ ಮನೆಗೆ ನಾನೇ ಅತಿಥಿ

ಬೆಂಗಳೂರಿನಲ್ಲಿ ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಬೆಳಗಿನ ಚಹಾದ ಹೊತ್ತಿಗೆ ಧಾರವಾಡ. 2023ರ ಜೂನ್‌ನಿಂದ ವಂದೇ ಭಾರತ್ ಕೂಡ ಓಡುತ್ತಿದೆ, ನಸುಕಿನಲ್ಲಿ ಹೊರಟರೆ ಮಧ್ಯಾಹ್ನದ ಊಟಕ್ಕೆ ಊರು ಮುಟ್ಟಬಹುದು. ಆದರೂ ನನಗೆ ರಾತ್ರಿ ರೈಲೇ ಬೇಕು. ಹುಬ್ಬಳ್ಳಿ ದಾಟಿದ ಮೇಲೆ ಎದ್ದು ಮುಖ ತೊಳೆದು ಬಾಗಿಲ ಬಳಿ ನಿಂತರೆ, ಪೇರಲ ಹಣ್ಣಿನ ನವಲೂರು ಬರುತ್ತಿದ್ದಂತೆ ಗಾಳಿ ತಣ್ಣಗಾಗುತ್ತದೆ. ಹುಬ್ಬಳ್ಳಿಗೂ ಧಾರವಾಡಕ್ಕೂ ಇಪ್ಪತ್ತು ಕಿಲೋಮೀಟರು, ಆದರೆ ಹವಾ ಮಾತ್ರ ಬೇರೆ ಎಂದು ನಮ್ಮ ಅಪ್ಪ ಯಾವಾಗಲೂ ಹೆಮ್ಮೆಯಿಂದ ಹೇಳುತ್ತಿದ್ದರು. ಅದೇನು ಅವರೇ ತಯಾರಿಸಿದ ಹವಾ ಅನ್ನುವ ಹಾಗೆ!

ಪಕ್ಕದ ಬರ್ತಿನವರು ಸಾಮಾನ್ಯವಾಗಿ ಕೇಳುತ್ತಾರೆ: "ಊರಿಗೆ ಹೊಂಟೀರೇನ್ರಿ? ಮನಿ ಅದ ಅಲ್ಲೆ?"

ಮನೆ ಇದೆ. ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರ, ಮಾಳಮಡ್ಡಿಯಲ್ಲಿ. ಆದರೆ ನಾನು ಇಳಿಯುವುದು ಜುಬಿಲಿ ಸರ್ಕಲ್ ಹತ್ತಿರದ ಒಂದು ಲಾಡ್ಜಿನಲ್ಲಿ. ನನ್ನ ಚೀಲದಲ್ಲಿ ಹಬ್ಬದ ಸೀರೆ ಇರುವುದಿಲ್ಲ. ಅಳತೆ ಟೇಪು, ಟಾರ್ಚು, ಟೆಸ್ಟರು, ಮನೆಪಟ್ಟಿ ರಸೀದಿಗಳ ಫೈಲು, ಅವ್ವ ಬಾಡಿಗೆಯವರ ಮಕ್ಕಳಿಗೆಂದು ಕಟ್ಟಿಕೊಟ್ಟ ಚಕ್ಕುಲಿ. ಹನ್ನೊಂದು ವರ್ಷದಿಂದ ಹೀಗೇ ನಡೆದಿದೆ. ಮನೆ ಅವ್ವನ ಹೆಸರಿನಲ್ಲಿದೆ, ಅವ್ವ ನನ್ನ ಹತ್ತಿರ ಬೆಂಗಳೂರಿನಲ್ಲಿದ್ದಾಳೆ, ಮನೆಯಲ್ಲಿ ಬಾಡಿಗೆಯವರಿದ್ದಾರೆ. ನಾನು ನಡುವೆ ಓಡಾಡುವ ಮ್ಯಾನೇಜರು, ಪಗಾರವಿಲ್ಲ.

ಮಾಳಮಡ್ಡಿ ನೋಡದವರಿಗೆ ಎರಡು ಮಾತು. ಧಾರವಾಡ ಸ್ಟೇಷನ್ನಿನ ಸುತ್ತಲಿನ ಹಳೇ ಬಡಾವಣೆ ಅದು. ಮಠ, ಗುಡಿ, ಕೆ.ಇ. ಬೋರ್ಡಿನ ಶಾಲೆ, ಸಂಜೆಯಾದರೆ ಯಾವುದೋ ಮನೆಯಿಂದ ತಂಬೂರಿ ಶ್ರುತಿ. ಹಳೇ ಮನೆಗಳೆಲ್ಲ ಒಂದೇ ನಮೂನೆ: ಮುಂದೆ ಕಟ್ಟೆ, ಆಮೇಲೆ ಪಡಸಾಲೆ, ದೇವರ ಕೋಣೆ, ಅಡಿಗೆ ಮನೆ, ಹಿಂದೆ ಬಚ್ಚಲು, ಹಿತ್ತಲಲ್ಲಿ ಬಾವಿ, ಪಾರಿಜಾತದ ಗಿಡ. ದಪ್ಪ ಮಣ್ಣಿನ ಗೋಡೆ, ಮೇಲೆ ಮಂಗಳೂರು ಹೆಂಚು. ನಮ್ಮದೂ ಅಂಥದ್ದೇ. ಈಗ ಆ ಸಾಲಿನಲ್ಲಿ ಹೆಂಚಿನ ಮನೆ ಅಂತ ಉಳಿದಿರುವುದು ಮೂರೋ ನಾಲ್ಕೋ.

2014ರಲ್ಲಿ ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಒಬ್ಬಳೇ ಬಿಡುವ ಹಾಗಿರಲಿಲ್ಲ. ಅಮೆರಿಕದಲ್ಲಿರುವ ತಮ್ಮ "ಮಾರಿಬಿಡೋಣ" ಎಂದ. ಅವ್ವ "ನಾ ಇರೋತನಕ ಮಾರಬ್ಯಾಡ್ರಿ" ಎಂದಳು. ಖಾಲಿ ಬಿಟ್ಟರೆ ಹೆಂಚಿನ ಮನೆ ಎರಡು ಮಳೆಗಾಲ ತಡೆಯುವುದಿಲ್ಲ. ದೀಪ ಹಚ್ಚುವವರು, ಕಸ ಗುಡಿಸುವವರು ಬೇಕು. ಹಾಗಾಗಿ ಬಾಡಿಗೆ.

ಧಾರವಾಡದಲ್ಲಿ ಬಾಡಿಗೆಯವರಿಗೇನೂ ಬರವಿಲ್ಲ. ಯೂನಿವರ್ಸಿಟಿ, ಕೃಷಿ ವಿಶ್ವವಿದ್ಯಾಲಯ ಮೊದಲೇ ಇದ್ದವು. 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು, ವಕೀಲರು ಮನೆ ಹುಡುಕಿಕೊಂಡು ಬಂದರು. 2016ರಲ್ಲಿ ಐಐಟಿ ಬಂತು. ಇವೆಲ್ಲಕ್ಕಿಂತ ದೊಡ್ಡ ಗಿರಾಕಿಗಳೆಂದರೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು. ಸಪ್ತಾಪುರದಲ್ಲಿ ಒಮ್ಮೆ ಅಡ್ಡಾಡಿ ಬನ್ನಿ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಗೋಡೆ ತುಂಬ ಬೋರ್ಡು, ಓದುವ ಕೋಣೆಗಳು, ಖಾನಾವಳಿಗಳು, ಬೀದರ್, ಕಲಬುರಗಿ, ವಿಜಯಪುರ, ಬಾಗಲಕೋಟೆ ಕಡೆಯ ಮಕ್ಕಳು. ರೊಟ್ಟಿ ಕಟ್ಟಿಕೊಂಡು ಬಂದು, ಹೊಲ ಒತ್ತೆ ಇಟ್ಟ ಅಪ್ಪನ ನೆನಪಿನಲ್ಲಿ ಓದುವ ಹುಡುಗರು ಇಲ್ಲಿ ಓಣಿಗೊಬ್ಬರು ಸಿಗುತ್ತಾರೆ.

ನಮ್ಮ ಮೊದಲ ಬಾಡಿಗೆದಾರರು ಅವರೇ. ಆರು ಜನ ಎಂದು ಬಂದವರು ಆರು ತಿಂಗಳಲ್ಲಿ ಹನ್ನೊಂದಾದರು. ಹುಡುಗರು ಒಳ್ಳೆಯವರೇ, ಆದರೆ ನೀರು ಸಾಲಲಿಲ್ಲ. ಹುಬ್ಬಳ್ಳಿ-ಧಾರವಾಡದ ನೀರಿನ ಕಥೆ ಬಲ್ಲವರು ಬಲ್ಲರು. ಸವದತ್ತಿ ಹತ್ತಿರದ ನವಿಲುತೀರ್ಥ ಅಣೆಕಟ್ಟಿನಿಂದ ಮಲಪ್ರಭೆಯ ನೀರು ಬರಬೇಕು, ಅದೂ ಎಷ್ಟೋ ಓಣಿಗಳಿಗೆ ವಾರಕ್ಕೊಮ್ಮೆ. ನಳ ಬಂದ ದಿನ ಹೌದು ತುಂಬಿಸಿಕೊಳ್ಳದಿದ್ದರೆ ಮುಂದಿನ ನಳದವರೆಗೆ ಟ್ಯಾಂಕರಿನವನ ಕಾಲು ಹಿಡಿಯಬೇಕು. ಹುಡುಗರು ನಳ ಬಂದ ದಿನ ಗ್ರಂಥಾಲಯದಲ್ಲಿರುತ್ತಿದ್ದರು. ಪಕ್ಕದ ಮನೆಯ ಕಾಕಾ ಗೋಡೆ ಮೇಲಿಂದ ಕೈಹಾಕಿ ನಮ್ಮ ಹೌದಿಗೆ ಪೈಪು ಬಿಡುತ್ತಿದ್ದರು, ನನಗೆ ಫೋನು ಮಾಡಿ ಬೈಯುತ್ತಿದ್ದರು: "ನೀ ಅಲ್ಲಿ ಕುಂತು ಬಾಡಿಗಿ ತಗೋತಿ, ನಾ ಇಲ್ಲಿ ನಿನ್ನ ಮನಿ ನೀರು ಕಾಯ್ತೀನಿ." ಬೈದರೂ ಮುಂದಿನ ನಳಕ್ಕೆ ಮತ್ತೆ ಪೈಪು ಬಿಡುತ್ತಿದ್ದರು.

2016ರಲ್ಲಿ ಹುಡುಗರು ಬಿಟ್ಟ ಮೇಲೆ ಒಂದು ಕುಟುಂಬ ಬಂತು. ಹೈಸ್ಕೂಲ್ ಮಾಸ್ತರು, ಅವರ ಹೆಂಡತಿ, ಇಬ್ಬರು ಮಕ್ಕಳು, ಮಾಸ್ತರ ವಯಸ್ಸಾದ ತಾಯಿ. ಬಾಡಿಗೆ ಎಂಟು ಸಾವಿರ. ಹನ್ನೊಂದು ತಿಂಗಳ ಕರಾರು ಪತ್ರ. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು ಎಂಬ ಕಾನೂನಿದೆ, ಅದಕ್ಕೇ ಎಲ್ಲರೂ ಹನ್ನೊಂದಕ್ಕೆ ನಿಲ್ಲಿಸುತ್ತಾರೆ, ನಾನೂ ನಿಲ್ಲಿಸಿದೆ. ಬಿಡುವಾಗ ಏನೇನು ಹೇಗಿತ್ತು ಎಂಬ ಜಗಳ ಬೇಡವೆಂದು ಪ್ರತಿ ಕೋಣೆಯ ಫೋಟೋ ತೆಗೆದು ಇಬ್ಬರ ಫೋನಿನಲ್ಲೂ ಇಟ್ಟುಕೊಂಡೆವು. ಕರೆಂಟಿನ ಮೀಟರು ಅಪ್ಪನ ಹೆಸರಿನಲ್ಲಿತ್ತು, ಅವ್ವನ ಹೆಸರಿಗೆ ಮಾಡಿಸಲು ಮೂರು ಸಲ ಅಡ್ಡಾಡಿದೆ. ಏಪ್ರಿಲ್‌ನಲ್ಲೇ ಮನೆಪಟ್ಟಿ ಕಟ್ಟಿದರೆ ಶೇ 5 ರಿಯಾಯಿತಿ ಸಿಗುತ್ತದೆ, ಅದನ್ನು ಒಂದು ವರ್ಷವೂ ಬಿಟ್ಟವಳಲ್ಲ. ಒಟ್ಟಿನಲ್ಲಿ ಕಾಗದದ ಮೇಲೆ ನನ್ನ ಮ್ಯಾನೇಜರಿಕೆ ಬಲು ಚೊಕ್ಕ.

ಮನೆ ಬಾಡಿಗೆಗೆ ಕೊಡುವ ಮುಂಚೆ ಇನ್ನೊಂದು ಜಾಣತನ ಮಾಡಿದ್ದೆ. ಹಿಂದಿನ ಕೋಣೆಯ ಗೋಡೆಯ ಮಣ್ಣು ಉದುರುತ್ತಿತ್ತು. ಅಪ್ಪ ಇದ್ದಾಗ ವರ್ಷಕ್ಕೊಮ್ಮೆ ಆಳು ಹಚ್ಚಿ ಮಣ್ಣು ಸಾರಿಸಿ ಸುಣ್ಣ ಬಳಿಸುತ್ತಿದ್ದರು. ಅಷ್ಟು ದೂರದಿಂದ ಯಾರು ಅದನ್ನೆಲ್ಲ ಮಾಡಿಸುತ್ತಾರೆ? ಒಳಗೂ ಹೊರಗೂ ಸಿಮೆಂಟ್ ಗಿಲಾಯಿ ಮಾಡಿಸಿ, ಮೇಲೆ ತೊಳೆಯಬಹುದಾದ ಪೇಂಟು ಹೊಡೆಸಿದೆ. ನೋಡಲು ಹೊಸ ಮನೆಯಂತಾಯಿತು. ಕಾಕಾ ಮಾತ್ರ ಹಿತ್ತಲಲ್ಲಿ ನಿಂತು ಗೋಡೆಗೆ ಬೆರಳಿಂದ ಟಕ್ ಟಕ್ ಬಡಿದು ನೋಡಿ ಏನೂ ಹೇಳದೆ ಹೋದರು.

ಈಗ ಆ ವರ್ಷಕ್ಕೆ ಬರುತ್ತೇನೆ. 2019ರ ಮೇ ತಿಂಗಳು. ಮಾಸ್ತರು ಫೋನು ಮಾಡಿದರು.

"ಅಕ್ಕಾರ, ಹಿಂದಿನ ಖೋಲಿ ಗ್ವಾಡಿ ಕೆಳಗ ಹಸಿ ಹಿಡದೈತ್ರಿ. ಒಂದ ಸಲ ಬಂದು ನೋಡಿದ್ರ ಚೊಲೋ."

"ಫೋಟೋ ಕಳಿಸ್ರಿ ಮಾಸ್ತರ" ಎಂದೆ.

ಫೋಟೋ ಬಂತು. ಪೇಂಟಿನ ಮೇಲೆ ಅಂಗೈಯಷ್ಟು ಕಲೆ. ಇಷ್ಟಕ್ಕೆ ಯಾಕಿಷ್ಟು ಗಾಬರಿ ಅನ್ನಿಸಿತು. ಅವರೇ ಕರೆಸಿದ ಗೌಂಡಿ ಇಪ್ಪತ್ತೆರಡು ಸಾವಿರ ಹೇಳಿದ. ಸಿಮೆಂಟ್ ಕಿತ್ತು, ಬುಡಕ್ಕೆ ಕಲ್ಲು ಕೊಟ್ಟು, ಪಕ್ಕದ ಸೈಟಿನ ನೀರು ನಮ್ಮ ಗೋಡೆಗೆ ಬಾರದಂತೆ ಗಟಾರ ತಿರುಗಿಸಬೇಕಂತೆ. ಅಂಗೈಯಷ್ಟು ಕಲೆಗೆ ಇಪ್ಪತ್ತೆರಡು ಸಾವಿರ! ನಾನು ಮನಸ್ಸಿನಲ್ಲಿ ಲೆಕ್ಕ ಹಾಕಿದೆ: ಆ ವರ್ಷ ಬಾಡಿಗೆ ಏರಿಸುವ ಮಾತು ಬಂದಿತ್ತು, ಐನೂರು ರೂಪಾಯಿ ತಪ್ಪಿಸಿಕೊಳ್ಳಲು ಮಾಸ್ತರು ರಿಪೇರಿ ರಾಗ ತೆಗೆದಿದ್ದಾರೆ. ಹೀಗೆ ಅಂದುಕೊಂಡದ್ದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಆದರೆ ಅಂದುಕೊಂಡದ್ದು ನಿಜ. ಆಗ ಮಗಳ ಕಾಲೇಜು ಸೇರಿಸುವ ಗಡಿಬಿಡಿಯೂ ಇತ್ತು. "ಮಳೆಗಾಲ ಮುಗೀಲಿ, ದೀಪಾವಳಿಗೆ ಬಂದು ನೋಡ್ತೀನಿ" ಎಂದೆ. ಮಾಸ್ತರು ಮತ್ತೊಮ್ಮೆ ಹೇಳಲಿಲ್ಲ. ಹೇಳಲಿಲ್ಲ ಎಂದ ಮೇಲೆ ಅಷ್ಟೇನೂ ಇರಲಿಕ್ಕಿಲ್ಲ ಎಂದುಕೊಂಡು ನಾನೂ ಮರೆತೆ.

ಆ ವರ್ಷದ ಆಗಸ್ಟ್ ಉತ್ತರ ಕರ್ನಾಟಕದವರು ಮರೆಯುವಂಥದ್ದಲ್ಲ. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಎಲ್ಲವೂ ದಡ ಮೀರಿದವು. ಬೆಳಗಾವಿ, ಬಾಗಲಕೋಟೆಯ ಹಳ್ಳಿಗಳು ನೀರಿನಲ್ಲಿ ನಿಂತವು. ಧಾರವಾಡದಲ್ಲಿ ನದಿ ಇಲ್ಲ. ಶಾಲ್ಮಲೆ ಹುಟ್ಟುವುದೇನೋ ಸೋಮೇಶ್ವರ ಗುಡಿಯ ಹತ್ತಿರ, ಆದರೆ ಊರು ಮುಳುಗಿಸುವಷ್ಟು ಅವಳಿಗೆ ಇಲ್ಲಿ ಮೈ ತುಂಬಿರುವುದಿಲ್ಲ. ಇಲ್ಲಿ ಬಿದ್ದದ್ದು ಮನೆಗಳು. ದಿನಗಟ್ಟಲೆ ಹನಿ ಕಡಿಯದೆ ಸುರಿದ ಮಳೆಗೆ ಮಣ್ಣಿನ ಗೋಡೆಗಳು ನೆನೆದು ನೆನೆದು ಒಂದೊಂದಾಗಿ ಕುಸಿದವು.

ಒಂದು ಬೆಳಿಗ್ಗೆ ಐದಕ್ಕೆ ಫೋನು. ಕಾಕಾ. ಈ ಸಲ ಬೈಯಲಿಲ್ಲ. "ಹಿಂದಿನ ಗ್ವಾಡಿ ಬಿತ್ತು ತಂಗಿ. ಯಾರಿಗೂ ಏನೂ ಆಗಿಲ್ಲ. ಎಲ್ಲಾರೂ ನಮ್ಮನ್ಯಾಗ ಅದಾರ."

ಹಿಂದಿನ ಕೋಣೆಯಲ್ಲಿ ಮಲಗುತ್ತಿದ್ದವರು ಮಾಸ್ತರ ತಾಯಿ. ಬಚ್ಚಲು ಹತ್ತಿರವೆಂದು ಅವರ ಮಂಚ ಅಲ್ಲೇ, ಆ ಗೋಡೆಗೆ ತಾಗಿಯೇ ಇತ್ತು. ಎರಡು ದಿನದಿಂದ ಗೋಡೆಯೊಳಗೆ ಏನೋ ಸರಿದ ಸಪ್ಪಳ ಕೇಳುತ್ತದೆ, ಇಲಿ ಇರಬೇಕು, ನಿದ್ದೆ ಹತ್ತುವುದಿಲ್ಲ ಎಂದು ಆ ರಾತ್ರಿ ಅವರು ಚಾಪೆ ಹಿಡಿದು ಪಡಸಾಲೆಗೆ ಬಂದು ಮೊಮ್ಮಗಳ ಪಕ್ಕ ಮಲಗಿದ್ದರಂತೆ. ಇಲಿಯಲ್ಲ, ಸಿಮೆಂಟಿನ ಹಿಂದೆ ಮಣ್ಣು ಕರಗಿ ಜಾರುತ್ತಿದ್ದ ಸಪ್ಪಳ ಅದು.

ಮಿರಜ್ ಕಡೆಯ ರೈಲುಗಳೆಲ್ಲ ಅಸ್ತವ್ಯಸ್ತವಾಗಿದ್ದವು. ಬಸ್ಸು ಹಿಡಿದು ಹೋದೆ. ದಾವಣಗೆರೆ, ಹಾವೇರಿ, ದಾರಿಯುದ್ದಕ್ಕೂ ಮಳೆ. ಕಿಟಕಿಯ ಗಾಜಿನಲ್ಲಿ ನನಗೆ ಕಾಣುತ್ತಿದ್ದದ್ದು ಮಾತ್ರ ಆ ಫೋಟೋ, ಅಂಗೈಯಷ್ಟು ಕಲೆ.

ಮನೆ ಮುಂದಿನಿಂದ ನೋಡಿದರೆ ಏನೂ ಆಗಿಲ್ಲದ ಹಾಗೆ ಇತ್ತು. ಒಳಗೆ ಹೋಗಿ ಹಿಂದಿನ ಕೋಣೆಯ ಬಾಗಿಲು ತೆರೆದರೆ ನೇರವಾಗಿ ಹಿತ್ತಲು, ಬಾವಿ, ಪಾರಿಜಾತ. ಮಂಚದ ಅರ್ಧ ಮಣ್ಣಿನಡಿ. ದಿಂಬು ಇದ್ದ ಕಡೆಯ ಅರ್ಧ. ಒಂದು ಸಿಮೆಂಟಿನ ಹಲ್ಲೆ, ನಾನು ಆರಿಸಿದ ತಿಳಿ ಹಳದಿ ಬಣ್ಣದ ಸಮೇತ, ಚೂರೂ ಮುಕ್ಕಾಗದೆ ಮೇಲೆ ಬಿದ್ದಿತ್ತು.

ಗೌಂಡಿ ಬಂದ. ಮೇ ತಿಂಗಳಲ್ಲಿ ಇಪ್ಪತ್ತೆರಡು ಸಾವಿರ ಹೇಳಿದವನೇ. ನೆನೆದ ಮಣ್ಣು ಕೈಯಲ್ಲಿ ಹಿಸುಕಿ ತೋರಿಸಿದ. "ಮಣ್ಣಿನ ಗ್ವಾಡಿ ಉಸಿರಾಡಬೇಕ್ರಿ ಅಕ್ಕಾರ. ಮಣ್ಣ ಸಾರಿಸಿ ಸುಣ್ಣ ಹೊಡದ್ರ ಹಸಿ ಹಿಡದದ್ದು ಬಿಸಲಿಗೆ ಆರಿ ಹೊರಗ ಹೋಗ್ತೈತಿ. ನೀವು ಎರಡೂ ಕಡೆ ಸಿಮೆಂಟ್ ಹಾಕಿ ಬಾಯಿ ಮುಚ್ಚೀರಿ. ಬುಡದಾಗ ನೀರು ಕುಡೀತು, ಬಿಡಾಕ ದಾರಿ ಇರಲಿಲ್ಲ." ಫೋಟೋದಲ್ಲಿ ಕಲೆ ಸಣ್ಣದಾಗಿ ಕಂಡದ್ದು ಯಾಕೆಂದು ಆಗ ತಿಳಿಯಿತು. ಆ ತೊಳೆಯುವ ಪೇಂಟು ಎಲ್ಲವನ್ನೂ ಒಳಗೇ ಹಿಡಿದಿಟ್ಟುಕೊಂಡು ಅಂಗೈಯಷ್ಟನ್ನು ಮಾತ್ರ ಹೊರಗೆ ತೋರಿಸಿತ್ತು. ಒಂದು ಸಲ ಆ ಕೋಣೆಗೆ ಕಾಲಿಟ್ಟಿದ್ದರೆ ವಾಸನೆಯೇ ಹೇಳುತ್ತಿತ್ತು. ಫೋನಿನಲ್ಲಿ ವಾಸನೆ ಬರುವುದಿಲ್ಲ.

ಆ ಸಂಜೆ ಕಾಕಾನ ಮನೆಯಲ್ಲಿ ಮಾಸ್ತರ ಹೆಂಡತಿ ನನಗೆ ಚಹಾ ಕೊಟ್ಟರು. ಯಾರೂ ಜೋರು ಮಾತಾಡಲಿಲ್ಲ. ಜೋರು ಮಾತಾಡಿದ್ದರೆ ಉತ್ತರ ಕೊಡಲು ಸುಲಭವಾಗುತ್ತಿತ್ತೇನೋ. ಮಾಸ್ತರ ತಾಯಿ ಕಂಬಳಿ ಹೊದ್ದು ಮೂಲೆಯಲ್ಲಿ ಕುಳಿತಿದ್ದರು. ನಾನು ಹತ್ತಿರ ಹೋಗಿ ಕೈ ಹಿಡಿದು ತಪ್ಪಾಯಿತು ಎಂದೆ. ಅವರು ನನ್ನ ಮುಖ ನೋಡಿ, "ಮನಿ ನಿಮ್ಮದವಾ. ಅದರಾಗ ಮಲಗಾವ್ರು ನಾವು" ಎಂದರು. ಅಷ್ಟೇ. ಆಮೇಲೆ ಚಕ್ಕುಲಿ ತಂದೀಯೇನು ಎಂದು ಕೇಳಿದರು. ಆ ಸಲ ತಂದಿರಲಿಲ್ಲ.

ರಿಪೇರಿಗೆ ಒಂದು ಲಕ್ಷ ನಲವತ್ತು ಸಾವಿರ ಹೋಯಿತು. ಒಂದು ವರ್ಷದ ಬಾಡಿಗೆ ಒಂದು ಲಕ್ಷ ಎಂಟು ಸಾವಿರ. ಆದಾಯ ತೆರಿಗೆಯವರು ಮನೆ ಬಾಡಿಗೆಯಲ್ಲಿ ಮನೆಪಟ್ಟಿ ಕಳೆದು ಉಳಿದದ್ದರ ಶೇ 30ನ್ನು ರಿಪೇರಿ ಇತ್ಯಾದಿಗೆಂದು ಬಿಡುತ್ತಾರೆ. ನೀವು ಒಂದು ರೂಪಾಯಿಯೂ ಖರ್ಚು ಮಾಡದಿದ್ದರೂ ಅಷ್ಟೇ, ಗೋಡೆಯೇ ಬಿದ್ದರೂ ಅಷ್ಟೇ. ತಮ್ಮ ಫೋನಿನಲ್ಲಿ "ನಾ ಮೊದಲೇ ಹೇಳಿದ್ದೆ, ಮಾರು ಅಂತ" ಎಂದ. ಆಮೇಲೆ ಅರ್ಧ ದುಡ್ಡು ಕಳಿಸಿದ, ಅದನ್ನೂ ಹೇಳಬೇಕು.

ಹೊಸ ಗೋಡೆಯನ್ನು ಗೌಂಡಿ ಮೂರು ಅಡಿ ಕಲ್ಲು, ಮೇಲೆ ಇಟ್ಟಿಗೆಯಲ್ಲಿ ಎಬ್ಬಿಸಿದ. ಉಳಿದ ಮಣ್ಣಿನ ಗೋಡೆಗಳ ಸಿಮೆಂಟು ಕಿತ್ತು ಮತ್ತೆ ಮಣ್ಣು ಸಾರಿಸಿ ಸುಣ್ಣ ಬಳಿಸಿದೆವು. ಮನೆ ಮತ್ತೆ ಹಳೇ ಮನೆಯಂತಾಯಿತು. ಆ ವರ್ಷ ಮತ್ತು ಮರುವರ್ಷ ಬಾಡಿಗೆ ಏರಿಸಲಿಲ್ಲ. ಮಾಸ್ತರು ಬಿಟ್ಟು ಹೋಗುತ್ತಾರೆಂದು ಅಂದುಕೊಂಡಿದ್ದೆ. ಹೋಗಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ, ಮಕ್ಕಳ ಶಾಲೆ ಹತ್ತಿರ ಅಂತಲೋ ಏನೋ.

ಅಂದಿನಿಂದ ವರ್ಷಕ್ಕೆರಡು ಸಲ ಧಾರವಾಡ. ಒಮ್ಮೆ ಮೇ ಕೊನೆಗೆ, ಮಿರಗದ ಮಳೆ ಹಿಡಿಯುವ ಮೊದಲು. ಇನ್ನೊಮ್ಮೆ ದೀಪಾವಳಿ ಆದಮೇಲೆ. ಮೇ ತಿಂಗಳಲ್ಲಿ ಹೆಂಚು ಸರಿ ಮಾಡಿಸುವುದು, ಸಂದಿಯಲ್ಲಿ ಸಿಕ್ಕಿದ ಎಲೆ ತೆಗೆಸುವುದು, ಗಟಾರ ಬಿಡಿಸುವುದು. ದೀಪಾವಳಿಗೆ ಮಳೆ ಏನೇನು ಮಾಡಿದೆ ಎಂದು ನೋಡುವುದು. ಗೋಡೆಗೆ ಕಾಕಾ ಬಡಿದಂತೆ ನಾನೂ ಬೆರಳಿಂದ ಬಡಿದು ನೋಡುತ್ತೇನೆ. ಟೊಳ್ಳು ಸಪ್ಪಳ ಯಾವುದು, ಗಟ್ಟಿ ಸಪ್ಪಳ ಯಾವುದು ಈಗ ಗೊತ್ತಾಗುತ್ತದೆ.

ಇನ್ನೊಂದು ಬದಲಾವಣೆ ನನಗೆ ಹೆಚ್ಚು ಕಷ್ಟವಾದದ್ದು. ಮೂರು ಸಾವಿರದೊಳಗಿನ ರಿಪೇರಿಯನ್ನು ನನ್ನನ್ನು ಕೇಳದೇ ಮಾಡಿಸಿ, ರಸೀದಿ ಕಳಿಸಿ, ಬಾಡಿಗೆಯಲ್ಲಿ ಹಿಡಿದುಕೊಳ್ಳಿ ಎಂದು ಮಾಸ್ತರಿಗೆ ಹೇಳಿದೆ. ಮೊದಲೆರಡು ತಿಂಗಳು ನನಗೆ ಹೊಟ್ಟೆಯಲ್ಲಿ ತಳಮಳ. ನಳದ ವಾಷರು ನಲವತ್ತು ರೂಪಾಯಿ, ಬಚ್ಚಲ ಬಾಗಿಲ ಕೀಲು ನೂರಾ ಎಂಬತ್ತು, ಹೀಗೆ ಚೀಟಿ ಬರುತ್ತಿದ್ದವು. ಆರು ವರ್ಷದಲ್ಲಿ ಒಂದೇ ಒಂದು ಸಲ ಮೂರು ಸಾವಿರ ದಾಟಿದೆ, ಆಗಲೂ ಮೊದಲು ಫೋನು ಬಂತು. ಜೊತೆಗೆ ಪ್ರತಿ ವರ್ಷ ಎರಡು ತಿಂಗಳ ಬಾಡಿಗೆಯನ್ನು ಬೇರೆ ಖಾತೆಯಲ್ಲಿ ಇಡುತ್ತೇನೆ. ಅದಕ್ಕೆ ಅವ್ವ ಇಟ್ಟ ಹೆಸರು "ಗ್ವಾಡಿ ರೊಕ್ಕ".

ಕೆಲಸವೆಲ್ಲ ಒಂದು ದಿನದಲ್ಲಿ ಮುಗಿಯುತ್ತದೆ. ಉಳಿದ ಹೊತ್ತು ಊರಿನಲ್ಲಿ ಅಡ್ಡಾಡುತ್ತೇನೆ. ಬಾಡಿಗೆ ಮನೆ ಇಲ್ಲದಿದ್ದರೆ ಧಾರವಾಡಕ್ಕೆ ಇಷ್ಟು ಸಲ ಬರುತ್ತಿದ್ದೆನೇ? ಖಂಡಿತ ಇಲ್ಲ. ಮದುವೆ ಮುಂಜಿಗೆ ಬಂದು ಕಾರ್ಯಾಲಯದಿಂದಲೇ ತಿರುಗಿ ಹೋಗುತ್ತಿದ್ದೆ. ಈಗ ಬೆಳಿಗ್ಗೆ ಕರ್ನಾಟಕ ಕಾಲೇಜಿನ ಆವರಣದಲ್ಲಿ ನಡೆಯುತ್ತೇನೆ. ಮೊದಲು ರೈಲ್ವೆ ಕಂಪನಿಯ ಕಚೇರಿಯಾಗಿದ್ದ ಕಲ್ಲಿನ ಕಟ್ಟಡ ಅದು, ಕಾಲೇಜು ಶುರುವಾದದ್ದು 1917ರಲ್ಲಿ. ಅಪ್ಪ ಓದಿದ್ದು ಅಲ್ಲೇ, ನಾನು ಓದಿದ್ದೂ ಅಲ್ಲೇ. ನೂರು ವರ್ಷ ದಾಟಿದ ಆ ಗೋಡೆಗಳನ್ನೂ ಒಮ್ಮೆ ಬಡಿದು ನೋಡಿದೆ, ವಾಚ್‌ಮನ್ ಅನುಮಾನದಿಂದ ನೋಡಿದ.

ಸಂಜೆ ಸಾಧನಕೇರಿ ಕಡೆ. ಬೇಂದ್ರೆಯವರ ಮನೆಯ ಎದುರಿನ ಕೆರೆಯ ಸುತ್ತ ಈಗ ಉದ್ಯಾನ ಮಾಡಿದ್ದಾರೆ. ಮಕ್ಕಳು ಆಡುತ್ತವೆ, ಹಿರಿಯರು ಕಟ್ಟೆಯ ಮೇಲೆ ಪೆನ್ಶನ್ ಮಾತಾಡುತ್ತಾರೆ. ಹೊರಡುವ ದಿನ ಲೈನ್ ಬಜಾರಿನ ಠಾಕೂರ್ ಪೇಡೆ ಅಂಗಡಿಯ ಸಾಲು. ಧಾರವಾಡ ಪೇಡೆಗೆ ಭೌಗೋಳಿಕ ಗುರುತು ಸಿಕ್ಕಿದೆ, ಊರಿಗೆಲ್ಲ ಪೇಡೆ ಅಂಗಡಿಗಳಾಗಿವೆ, ಆದರೂ ಅವ್ವನಿಗೆ ಅಲ್ಲಿಯದೇ ಆಗಬೇಕು. ಬೇರೆ ಕಡೆಯದು ತಂದರೆ ಬಾಯಿಗೆ ಹಾಕಿದ ಕೂಡಲೇ ಕಂಡುಹಿಡಿಯುತ್ತಾಳೆ. ಚಿಗರಿ ಬಸ್ಸಿಗೆಂದು ರಸ್ತೆ ಅಗಲ ಮಾಡಿದ ಮೇಲೆ ಜುಬಿಲಿ ಸರ್ಕಲ್ ದಾಟುವುದು ಒಂದು ಸಾಹಸ, ಅದರ ಬಗ್ಗೆ ಇನ್ನೊಮ್ಮೆ ಬರೆದೇನು.

ಎರಡು ವರ್ಷದ ಕೆಳಗೆ ಕಾಕಾ ಪುಣೆಗೆ ಮಗನ ಹತ್ತಿರ ಹೋದರು. ಅವರ ಮನೆ ಕೆಡವಿ ನಾಲ್ಕಂತಸ್ತಿನ ಪಿಜಿ ಎದ್ದಿದೆ. ಅದರ ನೆರಳಿಗೆ ನಮ್ಮ ಹಿತ್ತಲಿಗೆ ಮಧ್ಯಾಹ್ನದ ಮೇಲೆ ಬಿಸಿಲಿಲ್ಲ, ಅಂದರೆ ಗೋಡೆ ಆರುವುದು ತಡ. ಕಟ್ಟಿಸಿದವರು ನನಗೂ ಫೋನು ಮಾಡಿದ್ದರು. ಅವರು ಹೇಳಿದ ಮೊತ್ತ ಕೇಳಿ ಆ ರಾತ್ರಿ ನಿದ್ದೆ ಬರಲಿಲ್ಲ. ಅವ್ವನಿಗೆ ಹೇಳಲಿಲ್ಲ. ತಮ್ಮನಿಗೂ ಹೇಳಲಿಲ್ಲ. ಇಲ್ಲಿ ಬರೆದೆ, ಅವನು ಓದಿದರೆ ಓದಲಿ.

ಈ ಮೇ ತಿಂಗಳಲ್ಲಿ ಹೋದದ್ದು ಬೇರೆ ಕಾರಣಕ್ಕೆ. ಮಾಸ್ತರಿಗೆ ನಿವೃತ್ತಿ. ನವಲೂರಿನ ಹತ್ತಿರ ಸೈಟು ತೆಗೆದುಕೊಂಡು ಸಣ್ಣ ಮನೆ ಕಟ್ಟಿಸಿದ್ದಾರೆ. ಒಂಬತ್ತು ವರ್ಷದ ಮೇಲೆ ಮನೆ ಬಿಡುತ್ತಿದ್ದಾರೆ. ಬಾಡಿಗೆ ಎಂಟು ಸಾವಿರದಿಂದ ಹನ್ನೊಂದು ಸಾವಿರಕ್ಕೆ ಬಂದಿತ್ತು, ಮಕ್ಕಳಿಬ್ಬರೂ ನನ್ನೆತ್ತರಕ್ಕೆ ಬಂದಿದ್ದರು, ಅಜ್ಜಿ ಮೂರು ವರ್ಷದ ಹಿಂದೆ ತೀರಿಕೊಂಡಿದ್ದರು. ಹೊಸ ಗೋಡೆಯ ಕೋಣೆಯಲ್ಲಿ, ನಿದ್ದೆಯಲ್ಲಿ.

ಸ್ಟೇಷನ್ನಿಗೆ ಮಾಸ್ತರು ಸ್ಕೂಟರಿನಲ್ಲಿ ಬಂದಿದ್ದರು. "ಈ ಸಲ ಲಾಡ್ಜ್ ಬ್ಯಾಡ್ರಿ ಅಕ್ಕಾರ. ನಾಳಿಂದ ನಾವು ಅಲ್ಲಿರಂಗಿಲ್ಲ, ಇವತ್ತೊಂದ ರಾತ್ರಿ ಇರ್ರಿ" ಎಂದರು. ಹಾಗೆ ಹನ್ನೊಂದು ವರ್ಷದ ಮೇಲೆ ನಮ್ಮ ಪಡಸಾಲೆಯಲ್ಲಿ ಮಲಗಿದೆ. ಅರ್ಧ ಸಾಮಾನು ಆಗಲೇ ಹೋಗಿತ್ತು. ಮಾಸ್ತರ ಹೆಂಡತಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿದ್ದರು, ಅವ್ವನ ಒಲೆಕಟ್ಟೆಯ ಮೇಲೆ. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ನಾನು ಕೇಳಬೇಕಾಯಿತು. ಅವ್ವ ಇಡುತ್ತಿದ್ದದ್ದು ಎಡಗಡೆಯ ಗೂಡಿನಲ್ಲಿ. ಇವರು ಬಲಗಡೆ ಇಟ್ಟಿದ್ದರು. ಬೆಳಕು ಅಲ್ಲೇ ಚೆನ್ನಾಗಿದೆ.

ರಾತ್ರಿ ಬಹಳ ಹೊತ್ತು ಎಚ್ಚರವಿದ್ದೆ. ಹೆಂಚಿನ ಮೇಲೆ ಬೆಕ್ಕು ಓಡಿತು. ಪಿಜಿಯ ಹುಡುಗರು ಜೋರಾಗಿ ಪ್ರಚಲಿತ ವಿದ್ಯಮಾನ ಬಾಯಿಪಾಠ ಮಾಡುತ್ತಿದ್ದರು. ಎರಡರ ಸುಮಾರಿಗೆ ಗೂಡ್ಸ್ ರೈಲೊಂದು ಹೋಯಿತು, ಕಿಟಕಿಯ ಸರಳು ಸಣ್ಣಗೆ ನಡುಗಿತು. ಚಿಕ್ಕವಳಿದ್ದಾಗ ಈ ನಡುಕ ನಿಂತ ಮೇಲೇ ನನಗೆ ನಿದ್ದೆ ಬರುತ್ತಿದ್ದದ್ದು. ಎದ್ದು ಹಿಂದಿನ ಕೋಣೆಗೆ ಹೋಗಿ ಕತ್ತಲಲ್ಲೇ ಗೋಡೆಗೆ ಕೈ ಇಟ್ಟು ನೋಡಿದೆ. ಒಣಗಿತ್ತು.

ಮರುದಿನ ಮಾಸ್ತರು ಹಳೇ ಫೋಟೋಗಳನ್ನು ತೆರೆದು ಕೋಣೆ ಕೋಣೆಗೂ ಹಿಡಿದು ತೋರಿಸಿದರು. ನಾನು ಬೇಡವೆಂದರೂ ಕೇಳಲಿಲ್ಲ, ಕರಾರಿನಲ್ಲಿದೆ ಎಂದರು. ಡಿಪಾಜಿಟ್ ಪೂರ್ತಿ ವಾಪಸ್ ಕೊಟ್ಟೆ. ಬಾವಿಯ ಹಗ್ಗ ಅವರು ಹೊಸದು ಹಾಕಿಸಿದ್ದರು, ಅದರ ದುಡ್ಡು ತೆಗೆದುಕೊಳ್ಳಲಿಲ್ಲ. ಗೌಂಡಿಯ ನಂಬರು, ಟ್ಯಾಂಕರಿನವನ ನಂಬರು, ನಳ ಬರುವ ದಿನ ತಿಳಿಸುವ ಓಣಿಯ ವಾಟ್ಸಾಪ್ ಗುಂಪು, ಎಲ್ಲವನ್ನೂ ಒಂದು ನೋಟುಬುಕ್ಕಿನಲ್ಲಿ ಮಾಸ್ತರ ದುಂಡು ಅಕ್ಷರದಲ್ಲಿ ಬರೆದಿಟ್ಟಿದ್ದರು. ಕೊನೆಯ ಹಾಳೆಯಲ್ಲಿ: "ಹಿಂದಿನ ಖೋಲಿಯ ಗೋಡೆಗೆ ಮಂಚ ತಾಗಿಸಬಾರದು. ಗೇಣು ಜಾಗ ಬಿಡಬೇಕು."

ಮಧ್ಯಾಹ್ನ ಹೊಸಬರು ಬಂದರು. ಗದಗ ಕಡೆಯ ಗಂಡ ಹೆಂಡತಿ, ಹೈಕೋರ್ಟಿನಲ್ಲಿ ಜೂನಿಯರ್ ವಕೀಲರು, ಜೊತೆಗೆ ಒಂದು ವರ್ಷದ ಕೂಸು. ಹುಡುಗಿ ಪಡಸಾಲೆ, ಅಡಿಗೆ ಮನೆ ನೋಡಿ ಹಿಂದಿನ ಕೋಣೆಗೆ ಬಂದು, "ಇಲ್ಲೆ ತೊಟ್ಟಿಲ ಕಟ್ಟಬಹುದಲ್ರೀ ಅಕ್ಕಾ" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಮಾಸ್ತರು ತೊಲೆ ತೋರಿಸಿ, ಯಾವ ತೊಲೆಗೆ ಕಟ್ಟಬೇಕು, ಯಾವುದಕ್ಕೆ ಕಟ್ಟಬಾರದು ಎಂದು ವಿವರಿಸತೊಡಗಿದರು. ನಾನು ನೋಟುಬುಕ್ಕು ಆ ಹುಡುಗಿಯ ಕೈಗೆ ಕೊಟ್ಟೆ. ಅಳತೆ ಟೇಪನ್ನೂ ಅಲ್ಲೇ ಬಿಟ್ಟೆ.

ಬೆಂಗಳೂರಿಗೆ ಬಂದು ಪೇಡೆ ಡಬ್ಬಿ ಬಿಚ್ಚಿದೆ. ಅವ್ವ ಒಂದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ, ಅಂಗಡಿ ಸರಿ ಎಂದು ಖಾತ್ರಿ ಮಾಡಿಕೊಂಡು, ಪ್ರತಿ ಸಲದ ಹಾಗೆ ಕೇಳಿದಳು: "ಬಾವ್ಯಾಗ ನೀರು ಎಷ್ಟ ಅದ?"

"ಎಂಟು ಮೆಟ್ಟಿಲು ಕೆಳಗ ಅದ ಅವ್ವ."

"ಮೇ ತಿಂಗಳಿಗೆ ಚೊಲೋ ಅದ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಕೂಸು ಗಂಡೋ ಹೆಣ್ಣೋ?" ಎಂದು ಕೇಳಿದಳು. ಹೆಣ್ಣು ಎಂದೆ. ದೀಪಾವಳಿಗೆ ಹೋಗುವಾಗ ಒಯ್ಯಲು ಒಂದು ಕುಲಾವಿ ಹೊಲಿಯುತ್ತಿದ್ದಾಳೆ.